ಅತ್ತೆಯವರಿಗೆ, ಮೀನುಗಳ ಮುಖಾಂತರ

ಜಗಳವಿರುವ ಮನೆಯಲ್ಲಿ ಮಾತಿಗೆ ಕೊರತೆ ಇರುವುದಿಲ್ಲ. ಮಾತು ನಿಂತುಹೋಗುವುದು ಮರ್ಯಾದೆ ಹೆಚ್ಚಾದ ಮನೆಯಲ್ಲಿ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನನಗೆ ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಹೋದ ಡಿಸೆಂಬರ್ ತನಕ ನನ್ನ ಅತ್ತೆ, ಅಂದರೆ ಹೆಂಡತಿ ಸುವರ್ಣಾಳ ತಾಯಿ, ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆಸ್ತಿ ತಕರಾರು, ವರದಕ್ಷಿಣೆ ಗಲಾಟೆ ಅಂತೆಲ್ಲ ಊಹಿಸಬೇಡಿ. ಅವರು ಇಂಡಿ ತಾಲೂಕಿನ ಹಳೆಯ ಮನೆತನದವರು. ಆ ಮನೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ಕುರ್ಚಿಯಲ್ಲಿ ಕೂಡುವುದಿಲ್ಲ, ಸೆರಗು ತಲೆಯಿಂದ ಜಾರಲು ಬಿಡುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ಹೇಳುವುದೇನಿದ್ದರೂ ನಡುವೆ ಒಬ್ಬರು ಬೇಕು. 'ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು' ಎಂದು ಅವರು ಮಗಳಿಗೆ ಹೇಳುತ್ತಾರೆ. ನಾನು ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿರುತ್ತೇನೆ. ಆದರೂ ಸುವರ್ಣಾ ನನ್ನ ಕಡೆ ತಿರುಗಿ 'ಇನ್ನೊಂದು ರೊಟ್ಟಿ ಬೇಕೇನ್ರಿ?' ಎಂದು ಕೇಳುವ ತನಕ ನಾನು ಬೇಕು ಅನ್ನುವಂತಿಲ್ಲ.

ನಾನು ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ಒಂದು ಡಬ್ಬಿ ಗ್ರೀಸ್ ಬೇಕಾದರೂ ಅರ್ಜಿ ಮೇಲಧಿಕಾರಿಗಳ ಮುಖಾಂತರವೇ ಹೋಗಬೇಕು. ಹೀಗಾಗಿ ಈ ಪದ್ಧತಿ ನನಗೆ ಹೊಸದೇನಲ್ಲ. ಆದರೆ ಅದರಲ್ಲಿ ಅಪಾಯವೂ ಇದೆ. ಮದುವೆಯಾದ ಹೊಸತರಲ್ಲಿ ಅವರ ಊರಿಗೆ ಹೋದಾಗ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಅತ್ತೆ ಒಳಗಿನಿಂದ ಬಾಗಿಲಿಗೆ ಬಂದವರು ಹೌಹಾರಿ ನಿಂತರು. ಅಂಗಳದಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದ ಮಾವನವರಿಗೆ, 'ಅಳಿಯಂದ್ರ ಹೆಗಲ ಮ್ಯಾಲ ಚೇಳ ಅದ ಅಂತ ಹೇಳ್ರಿ' ಎಂದು ಕೂಗಿದರು. ಮಾವನವರು ಸಮಾಧಾನದ ಮನುಷ್ಯ. ತಂಬಾಕನ್ನು ಬಾಯಿಗೆ ಹಾಕಿಕೊಂಡು, ಕೈ ಝಾಡಿಸಿ, ಆಮೇಲೆ 'ಅಳಿಯಂದ್ರ, ನಿಮ್ಮ ಹೆಗಲ ಮ್ಯಾಲ ಚೇಳ ಅದ ಅಂತರಿ' ಎಂದರು. ಅಷ್ಟರಲ್ಲಿ ನಾನು ಅಂಗಿಯನ್ನೇ ಬಿಚ್ಚಿ ಎಸೆದು ಅಂಗಳದಾಚೆ ಓಡಿದ್ದೆ. ಚೇಳಿಗಿಂತ ಹೆಚ್ಚಾಗಿ, ಬರೀ ಬನಿಯನ್ನಿನಲ್ಲಿ ಅತ್ತೆಯ ಎದುರು ಓಡಿದೆನಲ್ಲ ಅಂತ ನನಗೆ ನಾಚಿಕೆಯಾಗಿತ್ತು.

ಇಂಥ ಅತ್ತೆ ಹೋದ ದಸರಾ ಮುಗಿದ ಮೇಲೆ ಪುಣೆಗೆ ನಮ್ಮ ಮನೆಗೆ ಬಂದರು. ಮೊಣಕಾಲಿನ ಚಿಕಿತ್ಸೆ ಆಗಬೇಕಿತ್ತು. ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಹತ್ತಿರವೇ ಒಳ್ಳೆಯ ಡಾಕ್ಟರ್ ಇದ್ದರು. ನಾಲ್ಕು ತಿಂಗಳಾದರೂ ವ್ಯಾಯಾಮ ಮಾಡಿಸಬೇಕು, ಆಗ ಕಾಲು ನೆಟ್ಟಗಾಗುತ್ತದೆ ಎಂದು ಅವರು ಹೇಳಿದರು. ಸುವರ್ಣಾ ನನ್ನನ್ನು ಪಕ್ಕಕ್ಕೆ ಕರೆದು, 'ನೋಡ್ರಿ, ಅವ್ವನ ಸ್ವಭಾವ ನಿಮಗ ಗೊತ್ತದ. ತಮ್ಮನ ಮನ್ಯಾಗ ಸೊಸಿ ಇವಳ ಉಂಡಿ ಗಟ್ಟಿ ಅದಾವ ಅಂದಳಂತ ಮರುದಿನ ಬಸ್ ಹತ್ತಿದಾಕಿ. ಇಲ್ಲಿ ಬೇಜಾರಾತಂದ್ರ ಅರ್ಧಾ ಚಿಕಿತ್ಸೆ ಬಿಟ್ಟು ಹೊಂಟಬಿಡ್ತಾಳ. ಕಾಲು ಹಂಗ ಉಳೀತದ' ಎಂದು ಎಚ್ಚರಿಸಿದಳು. ನಾನು 'ನನ್ನಿಂದೇನು ಬೇಜಾರಾಗ್ತದ, ನಾವು ಮಾತೇ ಆಡಂಗಿಲ್ಲಲ್ಲ' ಎಂದೆ.

ತೊಡಕಾದದ್ದು ಅಲ್ಲಿಯೇ. ಸುವರ್ಣಾಳ ಆಫೀಸು ಖರಾಡಿಯಲ್ಲಿ, ಊರಿನ ಆ ತುದಿ. ಬೆಳಿಗ್ಗೆ ಹೋದವಳು ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಎಂಟು. ನನ್ನದು ಬೆಳಗಿನ ಪಾಳಿ, ನಾಲ್ಕಕ್ಕೆ ಮನೆಯಲ್ಲಿರುತ್ತೇನೆ. ಮಗಳು ಹಾಸ್ಟೆಲ್ಲಿನಲ್ಲಿದ್ದಾಳೆ. ಅಂದರೆ ದಿನಾ ನಾಲ್ಕರಿಂದ ಎಂಟರ ತನಕ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ, ನಡುವೆ ಯಾರೂ ಇಲ್ಲ. ಅವರು ಚಹಾ ತಂದು ಟೀಪಾಯಿಯ ಮೇಲೆ ಇಟ್ಟು, ಬಳೆ ಸದ್ದು ಮಾಡಿ, ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಚಹಾದಲ್ಲಿ ಎರಡು ಚಮಚೆ ಸಕ್ಕರೆ, ಅಳಿಯನಿಗೆ ಎಂದು ಮೇಲೆ ಅರ್ಧ ಚಮಚೆ. ಬಹಳ ಜರೂರಿನ ವಿಷಯವಿದ್ದರೆ ಫ್ರಿಜ್ಜಿಗೆ ಹೇಳುತ್ತಿದ್ದರು. 'ಗ್ಯಾಸ್ ಮುಗದದ, ಯಾರಿಗರ ಲಕ್ಷ್ಯ ಅದ ಇಲ್ಲೋ' ಎಂದು ಫ್ರಿಜ್ಜಿನ ಎದುರು ನಿಂತು ಕೇಳುವರು. ನಾನು ಸೋಫಾದಿಂದ ಟೀವಿಗೆ, 'ಬುಕ್ ಮಾಡ್ತೀನಿ' ಎಂದು ಉತ್ತರ ಕೊಡುತ್ತಿದ್ದೆ. ಫ್ರಿಜ್ಜಿಗೂ ಟೀವಿಗೂ ನಡುವೆ ಒಂದು ಗೋಡೆ ಇರುವುದರಿಂದ ಎಷ್ಟೋ ಸಂದೇಶಗಳು ಅರ್ಧಕ್ಕೇ ಉಳಿಯುತ್ತಿದ್ದವು. ಒಂದು ದಿನ ಸಂಜೆಯಿಡೀ ಬಾತ್‌ರೂಮಿನ ನಲ್ಲಿ ಸುರಿದು ಮೇಲಿನ ಟ್ಯಾಂಕೇ ಖಾಲಿಯಾಯಿತು. ಇಬ್ಬರಿಗೂ ಗೊತ್ತಿತ್ತು, ಯಾರು ಯಾರಿಗೆ ಹೇಳುವುದು?

ಆ ನಾಲ್ಕು ಗಂಟೆ ನೋಡಲಿಕ್ಕೆ ಏನಾದರೂ ಬೇಕು ಅನ್ನಿಸಿದ್ದು ಹೀಗೆ. ಮೊಬೈಲ್ ನೋಡುತ್ತ ಕೂತರೆ ಮನೆಗೆ ಬಂದ ಹಿರಿಯರನ್ನು ಅಲಕ್ಷ್ಯ ಮಾಡಿದ ಹಾಗೆ. ಗೋಡೆ ನೋಡುತ್ತ ಕೂತರೆ ತಲೆ ಕೆಟ್ಟವನ ಹಾಗೆ. ಮೀನಿನ ತೊಟ್ಟಿಯಾದರೆ ನೋಡಲು ನೆಪವಾಗುತ್ತದೆ ಎಂದುಕೊಂಡೆ. ನನ್ನ ಹವ್ಯಾಸಗಳ ಇತಿಹಾಸ ಅಂಥ ಹೇಳಿಕೊಳ್ಳುವಂಥದ್ದಲ್ಲ. ಕೊಳಲು ತಂದೆ, ಅದರಿಂದ ಗಾಳಿ ಮಾತ್ರ ಬಂತು. ಬೋನ್ಸಾಯ್ ತಂದೆ, ಅದು ಇನ್ನೂ ಚಿಕ್ಕದಾಗುತ್ತ ಹೋಗಿ ಒಂದು ದಿನ ಕಾಣಿಸಲೇ ಇಲ್ಲ. ಹೀಗಾಗಿ ತೊಟ್ಟಿಯ ಮಾತೆತ್ತಿದಾಗ ಸುವರ್ಣಾ, 'ಅವು ಜೀವ ರೀ, ಕೊಳಲಲ್ಲ' ಎಂದಷ್ಟೇ ಹೇಳಿದಳು.

ಪೌಡ್ ರಸ್ತೆಯ ಒಳಗಲ್ಲಿಯಲ್ಲಿ ಲೇಲೆ ಕಾಕಾ ಎಂಬವರ ಮೀನಿನ ಅಂಗಡಿ ಇದೆ. ಪುಣೆಯ ಅಂಗಡಿಗಳ ಫಲಕಗಳು ಗಿರಾಕಿಯನ್ನು ಸ್ವಾಗತಿಸುವುದಕ್ಕಿಂತ ತಿದ್ದುವುದಕ್ಕೇ ಹೆಚ್ಚು ಆಸಕ್ತಿ ತೋರುತ್ತವೆ. ಇಲ್ಲಿಯೂ ಬಾಗಿಲಲ್ಲೇ ಮರಾಠಿಯಲ್ಲಿ ಮೂರು ಸಾಲು ಬರೆದಿತ್ತು: ಗಾಜು ಬಡಿಯಬೇಡಿ, ಮೀನು ಕಿವುಡಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್, ಕಾರಣ ಕೇಳಬೇಡಿ. ತಾಳ್ಮೆ ಮನೆಯಿಂದ ತನ್ನಿ, ನಾವು ಮಾರುವುದಿಲ್ಲ. ನಾನು ಎರಡಡಿಯ ತೊಟ್ಟಿ, ಸಣ್ಣ ಕಲ್ಲು, ನಾಲ್ಕು ನೀರಗಿಡ, ಫಿಲ್ಟರ್, ಚಳಿಗಾಲಕ್ಕೆಂದು ನೀರು ಕಾಯಿಸುವ ಒಂದು ಗಾಜಿನ ಕೊಳವೆ ಎಲ್ಲ ಆರಿಸಿಕೊಂಡು, 'ಇನ್ನು ಮೀನು ತೋರಿಸಿ' ಎಂದೆ. ಲೇಲೆ ಕಾಕಾ ಕನ್ನಡಕದ ಮೇಲಿನಿಂದ ನೋಡಿ, 'ಮಾಸೇ ತೀನ್ ಆಠವಡ್ಯಾಂನಿ' ಎಂದರು. ಮೀನು ಮೂರು ವಾರದ ಮೇಲೆ! ನೀರು ಹಾಗೇ ಓಡುತ್ತಿರಬೇಕಂತೆ, ಮೀನಿನ ಹೊಲಸು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಫಿಲ್ಟರಿನಲ್ಲಿ ಮೊದಲು ಮನೆ ಮಾಡಬೇಕಂತೆ, ಅವಕ್ಕೆಂದು ದಿನಾ ಒಂದು ಚಿಟಿಕೆ ಮೀನಿನ ಆಹಾರ ನೀರಿಗೆ ಉದುರಿಸಬೇಕಂತೆ. ದುಡ್ಡು ಕೊಡುತ್ತೇನೆಂದರೂ ಸಾಮಾನು ಕೊಡದ ಅಂಗಡಿಯವರನ್ನು ನಾನು ಪುಣೆಯಲ್ಲಲ್ಲದೆ ಬೇರೆ ಎಲ್ಲೂ ನೋಡಿಲ್ಲ.

ಮೂರು ವಾರ ನಮ್ಮ ಹಾಲಿನಲ್ಲಿ ಮೀನಿಲ್ಲದ ತೊಟ್ಟಿ ಬುಳುಬುಳು ಅನ್ನುತ್ತ ಇತ್ತು. ಸೊಸೈಟಿಯವರು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಕಲ್ಲಿನ ಸಂದಿಯಲ್ಲೆಲ್ಲ ಹುಡುಕಿ, 'ಬಹುಶಃ ಮಲಗಿರಬೇಕು' ಎಂದು ಹೇಳಿ ಹೋದರು. ಇಲ್ಲದ ಮೀನಿಗೆ ನಾನು ದಿನಾ ಊಟ ಹಾಕುವುದನ್ನು ಅತ್ತೆ ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದರು. ಒಂದು ರಾತ್ರಿ ಸುವರ್ಣಾಳ ಹತ್ತಿರ ಅವರು ಪಿಸುಗುಟ್ಟಿದ್ದು ನನಗೂ ಕೇಳಿಸಿತು: 'ಅವರಿಗೆ ಆಫೀಸಿನ್ಯಾಗ ಏನರ ತ್ರಾಸ ಅದ ಏನವಾ? ಭಾಳ ಒಳ್ಳೆ ಮನುಷ್ಯಾ ಇದ್ದರು.'

ಕೊನೆಗೊಂದು ಶನಿವಾರ ಲೇಲೆ ಕಾಕಾ ನಮ್ಮ ನೀರನ್ನು ಬಾಟಲಿಯಲ್ಲಿ ತರಿಸಿಕೊಂಡು, ಅದಕ್ಕೇನೋ ಹನಿ ಹಾಕಿ ಬಣ್ಣ ನೋಡಿ, ಹೆಣ್ಣು ಕೊಡಲು ಒಪ್ಪಿದವರಂತೆ ತಲೆಯಾಡಿಸಿದರು. ಏಳು ಗಪ್ಪಿ ಮೀನು, ಎರಡು ಬಸವನಹುಳು. ಗಪ್ಪಿ ಅಂದರೆ ಕಿರುಬೆರಳಿನ ತುದಿಯಷ್ಟಿರುವ ಮೀನು, ಗಂಡಿಗೆ ಮಾತ್ರ ಸೀರೆಯ ಸೆರಗಿನಂಥ ಬಣ್ಣದ ಬಾಲ. ಚೀಲವನ್ನು ಹಾಗೇ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಸೇರಿಸಿ, ಕಡೆಗೆ ಮೀನು ಬಿಟ್ಟೆ. ಅತ್ತೆ ಬಾಗಿಲು ಬಿಟ್ಟು ಮುಂದೆ ಬಂದರು. ಸೋಫಾದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತರು. 'ಅಯ್ಯ ಶಿವನ, ಎಷ್ಟ ಛಂದ ಅದಾವ' ಎಂದರು. ಬಸವನಹುಳುವನ್ನು ಕಂಡು ಕೈ ಮುಗಿದರು. ಅವತ್ತಿನಿಂದ ಪ್ರತಿ ಸೋಮವಾರ ಆ ಎರಡಕ್ಕೂ ದೂರದಿಂದಲೇ ಊದುಬತ್ತಿ ಸಲ್ಲುತ್ತಿತ್ತು.

ಸೋಮವಾರ ಸಂಜೆ ನಾನು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದೆ. ಅತ್ತೆ ಚಹಾ ಇಟ್ಟರು. ಬಳೆ ಸದ್ದು ಮಾಡಲಿಲ್ಲ. ತೊಟ್ಟಿಯ ಕಡೆ ತಿರುಗಿ, 'ಮರಿಗಳಾ, ನಿಮ್ಮ ಮಾಲಕರಿಗೆ ಹೇಳ್ರಿ, ಚಹಾ ಆರ್ಲಿಕ್ಕತ್ತದ' ಎಂದರು.

ನಾನು ಒಂದು ಬೂಟು ಕೈಯಲ್ಲೇ ಹಿಡಿದು ತೊಟ್ಟಿಯ ಕಡೆ ತಿರುಗಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಮೀನುಗಳಿಗೆ, 'ಅತ್ತಿಯವರಿಗೆ ಹೇಳ್ರಿ, ಬಂದೆ ಅಂತ' ಎಂದೆ.

ಅಲ್ಲಿಂದ ನಮ್ಮ ಮನೆಯ ಸಂಜೆಯೇ ಬದಲಾಯಿತು. ಫ್ರಿಜ್ಜಿನಲ್ಲಿ ಇಲ್ಲದ ಗುಣ ಮೀನಿನಲ್ಲಿತ್ತು. ಮಾತಾಡುವಾಗ ಅವು ಗಾಜಿನ ಹತ್ತಿರ ಬಂದು, ಬಾಯಿ ತೆರೆದು ಮುಚ್ಚಿ, ಕೇಳಿಸಿಕೊಂಡಂತೆ ಮಾಡುತ್ತಿದ್ದವು. ಅತ್ತೆ ಅವಕ್ಕೆ ಮೊದಲ ಸಲ ಸೊಲ್ಲಾಪುರಕ್ಕೆ ರೈಲಿನಲ್ಲಿ ಹೋದದ್ದು ಹೇಳಿದರು. ಮಾವನವರು ಮದುವೆಯಾದ ಮೊದಲ ವರ್ಷ ಯಾರಿಗೂ ತಿಳಿಯದಂತೆ ಸಿನಿಮಾ ತೋರಿಸಿದ್ದು, ಹಿಂದಿನ ಸಾಲಿನಲ್ಲಿ ತಮ್ಮ ಸ್ವಂತ ಅತ್ತೆಯೇ ಕೂತಿದ್ದದ್ದು ಹೇಳಿದರು. ನಾನು ನಗು ತಡೆಯಲಾರದೆ, 'ಮುಂದೇನಾತು ಅಂತ ಕೇಳ್ರಿ' ಎಂದು ಮೀನುಗಳಿಗೆ ದುಂಬಾಲು ಬಿದ್ದೆ. ನಾನೂ ನನ್ನ ಸ್ಟೋರ್ಸಿನ ಸಂಕಟಗಳನ್ನೆಲ್ಲ ಅವುಗಳ ಎದುರು ತೋಡಿಕೊಂಡೆ. ಎಂಟು ಗಂಟೆಗೆ ಬಾಗಿಲು ತೆರೆದ ಸುವರ್ಣಾ, ತಾಯಿ ನೆಲದ ಮೇಲೆ, ಗಂಡ ಸೋಫಾದ ಮೇಲೆ, ಇಬ್ಬರೂ ಗಾಜಿನ ಪೆಟ್ಟಿಗೆಗೆ ಮಾತಾಡುತ್ತಿರುವುದನ್ನು ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಖರೆ ಹೇಳುತ್ತೇನೆ, ನನಗೆ ಆ ದಿನಗಳಲ್ಲಿ ಮೂರಕ್ಕೇ ಮನೆಯ ನೆನಪಾಗುತ್ತಿತ್ತು. ನನ್ನ ತಾಯಿ ನಾನು ಚಿಕ್ಕವನಿದ್ದಾಗಲೇ ಹೋದವರು. ಮನೆಗೆ ಬಂದ ಕೂಡಲೇ ಯಾರಾದರೂ ಒಬ್ಬರು ಹಿರಿಯರು ಬಾಯ್ತುಂಬ ಮಾತಾಡುವುದು ಎಷ್ಟು ಸುಖ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ನೀರಿನ ಕಥೆಗೆ ಬರುತ್ತೇನೆ. ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರು ತೆಗೆದು ಹೊಸ ನೀರು ಹಾಕಬೇಕು. ನಲ್ಲಿ ನೀರಿನಲ್ಲಿ ಔಷಧಿ ಬೆರೆತಿರುವುದರಿಂದ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಬೇಕು ಎಂದು ಲೇಲೆ ಕಾಕಾ ಹೇಳಿದ್ದರು. ಮೊದಲ ವಾರ ನಾನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಟ್ಟೆ. ಅದನ್ನು ನೋಡಿ ಅತ್ತೆಗೆ ಸಹಿಸಲಾಗಲಿಲ್ಲ. 'ಬಟ್ಟಿ ನೆನಿಡೋ ಬಕೀಟಿನ್ಯಾಗ ನಿಮಗ ನೀರ ಇಟ್ಟಾರಲ್ರೋ ಮರಿಗಳಾ! ಅಳಿಯಂದ್ರು ಸಾಕಿದ ಜೀವ ನೀವು' ಎಂದು ಮರುಗಿದರು. ಮುಂದಿನ ವಾರ ನಾನು ಕೆಲಸದಿಂದ ಬರುವಾಗ ತೊಟ್ಟಿಯ ಪಕ್ಕದಲ್ಲಿ ಅವರ ತಾಮ್ರದ ಕೊಡ ಕೂತಿತ್ತು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ್ದರು. ಬಾಗಿಲಿನಿಂದಲೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಒಂದು ದಿನ ನಿಂತ ನೀರು ಅದರ ತುಂಬ ಇತ್ತು. ಅದು ಅವರ ತವರಿನ ಕೊಡ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಪುಣೆಗೆ ತಂದದ್ದು. ಅದರ ನೀರು ಬಿಟ್ಟು ಅವರು ಬೇರೆ ನೀರು ಕುಡಿದವರಲ್ಲ. ಮೀನಿಗೆ ಕೊಟ್ಟಮೇಲೆ ತಾವು ನಮ್ಮ ಅಡುಗೆಮನೆಯ ಫಿಲ್ಟರ್ ನೀರನ್ನೇ, ಸಪ್ಪಗದ ಎಂದು ಮುಖ ಹಿಂಡುತ್ತ ಕುಡಿಯತೊಡಗಿದರು. ನನಗೆ ಕಣ್ಣು ತುಂಬಿ ಬಂತು. ಆ ನೀರನ್ನು ಬಹಳ ಗೌರವದಿಂದ ತೊಟ್ಟಿಗೆ ಸುರಿದೆ.

ಮೂರನೆಯ ಕೊಡದ ಹೊತ್ತಿಗೆ ಮೀನುಗಳು ಮೇಲೆ ತೇಲಿ ಬಾಯಿ ಬಾಯಿ ಬಿಡತೊಡಗಿದವು. ಬಸವನಹುಳು ಎರಡೂ ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಗಾಜಿನಿಂದ ಉದುರಿ ಕಲ್ಲಿನ ಮೇಲೆ ಬಿದ್ದವು. ಬುಧವಾರ ಒಂದು ಗಂಡು ಗಪ್ಪಿ, ಎಲ್ಲಕ್ಕಿಂತ ದೊಡ್ಡ ಬಾಲದ್ದು, ಸತ್ತೇ ಹೋಯಿತು. ಅತ್ತೆ ಉಳಿದವುಗಳ ಮುಖಾಂತರ ನನಗೆ ಹೇಳಿ ಬಾಲ್ಕನಿಯ ಕುಂಡದಲ್ಲಿ ಗುಂಡಿ ತೋಡಿಸಿದರು, ಒಂದು ಚಿಟಿಕೆ ವಿಭೂತಿ ಹಾಕಿ ಮಣ್ಣು ಮಾಡಿಸಿದರು. ಅವತ್ತು ಅವರು ಊಟ ಮಾಡಲಿಲ್ಲ. 'ನಾಳೆ ಇನ್ನೂ ಒಂದು ಕೊಡ ಸ್ವಚ್ಛ ನೀರು ಹಾಕೋಣು, ಆರಾಮ ಆಗ್ತೀರಿ' ಎಂದು ಮೀನುಗಳಿಗೆ ಧೈರ್ಯ ಹೇಳಿ ಮತ್ತೆ ಹುಣಸೆಹಣ್ಣು ನೆನೆಹಾಕಿದರು.

ಮರುದಿನ ಕೆಲಸದಿಂದ ನೇರವಾಗಿ ಅಂಗಡಿಗೆ ಹೋದೆ. ಲೇಲೆ ಕಾಕಾ ಎಲ್ಲ ಕೇಳಿ, ಮೀನಿನ ಮಾತು ಬಿಟ್ಟು ಬಸವನಹುಳುವಿನ ಮಾತೇ ಎರಡು ಸಲ ಕೇಳಿದರು. ಆಮೇಲೆ, 'ತಾಂಬ್ಯಾಚಂ ಭಾಂಡಂ ವಾಪರತಾ ಕಾ?' ಎಂದರು. ತಾಮ್ರದ ಪಾತ್ರೆ ಬಳಸುತ್ತೀರಾ! ಹೌದು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡ ಎಂದೆ. ನಮಗೆ ಒಳ್ಳೆಯದಾದ ತಾಮ್ರ ಈ ಸಣ್ಣ ಜೀವಗಳಿಗೆ ವಿಷವಂತೆ, ಹುಳಿ ಹಚ್ಚಿ ತಿಕ್ಕಿದ ಪಾತ್ರೆಯಾದರೆ ಇನ್ನೂ ಬೇಗ ಬಿಡುತ್ತದಂತೆ, ಬಸವನಹುಳುವಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯುತ್ತದಂತೆ. ಫಿಲ್ಟರಿನಲ್ಲಿ ಇಡಲು ಒಂದು ಇದ್ದಿಲಿನ ಚೀಲ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪ ಬಕೆಟ್ಟಿನ ನೀರೇ ಹಾಕಿ, ಉಳಿದರೆ ಉಳಿದಾವು ಎಂದರು.

ಉಪಾಯ ಸಿಕ್ಕಿತು ಅನ್ನಿ. ಆದರೆ ಅದನ್ನು ಅತ್ತೆಗೆ ಹೇಳುವುದು ಹೇಗೆ? ತಮ್ಮ ಬಾಯಿಯ ನೀರು ತೆಗೆದು ಕೊಟ್ಟ ಮುದುಕಿಗೆ, ನೀವೇ ವಿಷ ಹಾಕಿದಿರಿ ಎನ್ನುವುದೇ? ಉಂಡಿ ಗಟ್ಟಿ ಅಂದದ್ದಕ್ಕೆ ಬಸ್ ಹತ್ತಿದವರು ಇದಕ್ಕೆ ನಡೆದುಕೊಂಡೇ ಇಂಡಿ ಸೇರುತ್ತಾರೆ, ಅದೂ ಆ ಮೊಣಕಾಲಿನಲ್ಲಿ! ಸುವರ್ಣಾ ಆ ವಾರ ಆಫೀಸಿನ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದಳು. ಫೋನ್ ಮಾಡಿದೆ. 'ಫೋನಿನ್ಯಾಗ ನಾ ಹ್ಯಾಂಗ ಹೇಳ್ಲಿ? ಸನೇಕ ಕೂತು ಸಮಾಧಾನ ಮಾಡೋ ಮಾತದು. ನಾ ಬರೂತನಾ ಹ್ಯಾಂಗರ ಸಂಭಾಳಸ್ರಿ' ಎಂದಳು. ಅವಳು ಬರುವುದು ಭಾನುವಾರ. ಮೀನುಗಳನ್ನು ನೋಡಿದರೆ ಭಾನುವಾರದ ಭರವಸೆ ಕಾಣಲಿಲ್ಲ.

ಧೈರ್ಯವಿಲ್ಲದವನು ಮಾಡುವುದನ್ನೇ ನಾನು ಮಾಡಿದೆ, ಕಳ್ಳತನಕ್ಕಿಳಿದೆ. ದಿನಾ ನಾಲ್ಕೂವರೆಗೆ ಅತ್ತೆ ಅರ್ಧ ತಾಸಿನ ವ್ಯಾಯಾಮಕ್ಕೆಂದು ಕೆಳಗಿನ ಮಹಡಿಯ ಕುಲಕರ್ಣಿ ಕಾಕೂ ಅವರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದರು. ಅವರು ಲಿಫ್ಟ್ ಇಳಿದ ಸದ್ದಾದ ಕೂಡಲೇ ನಾನು ಎದ್ದು, ಕೊಡದ ನೀರನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಸುರಿದು, ವಾಷಿಂಗ್ ಮಷೀನಿನ ಹಿಂದೆ ಬಚ್ಚಿಟ್ಟ ಬಕೆಟ್ಟಿನ ನೀರನ್ನು ತೊಟ್ಟಿಗೆ ಹಾಕಿ, ಏನೂ ಆಗದವನಂತೆ ಪೇಪರ್ ಹಿಡಿದು ಕೂಡುತ್ತಿದ್ದೆ. ಎರಡು ದಿನ ಇದು ನಡೆಯಿತು. ಮೀನುಗಳು ಸ್ವಲ್ಪ ಕೆಳಗಿಳಿದವು. ಅತ್ತೆ ಬಂದು, 'ನೋಡ್ರಿ, ನನ್ನ ಕೊಡದ ನೀರು ಹತ್ತಿತು ನಿಮಗ' ಎಂದು ಅವಕ್ಕೆ ಹೇಳಿ ಹಿಗ್ಗಿದರು. ಆಗ ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು.

ಶನಿವಾರ ಅರ್ಧ ಕೊಡ ಸುರಿದಿದ್ದೆ. ಹಿಂದೆ ಸೆರಗಿನ ಸರಸರ ಕೇಳಿಸಿತು. ಡಾಕ್ಟರ್ ರಜೆಯಲ್ಲಿದ್ದರಂತೆ, ಅತ್ತೆ ಗೇಟಿನಿಂದಲೇ ವಾಪಸ್ಸು ಬಂದಿದ್ದರು. ಬಾಲ್ಕನಿಯ ಬಾಗಿಲಲ್ಲಿ ನಿಂತು ಕರಿಬೇವಿನ ಕುಂಡದಿಂದ ಹರಿಯುತ್ತಿದ್ದ ನೀರನ್ನು ನೋಡಿದರು, ನನ್ನ ಕೈಯಲ್ಲಿದ್ದ ಕೊಡ ನೋಡಿದರು. ಕುಂಟುತ್ತ ಹೋಗಿ ತೊಟ್ಟಿಯ ಎದುರು ಕೂತರು.

'ಮರಿಗಳಾ' ಎಂದರು. ದನಿ ಸಣ್ಣಗಾಗಿತ್ತು. 'ಯಾರೋ ನನ್ನ ಕೊಡದ ನೀರು ಗಿಡಕ್ಕ ಹಾಕ್ಲಿಕ್ಕತ್ತಾರ. ನಾ ಏನ್ ತಪ್ಪ ಮಾಡೀನಿ ಅಂತ ಕೇಳ್ರಿ. ನಾ ಇಲ್ಲಿ ಇರೂದ ತ್ರಾಸ ಆಗಿದ್ರ ಅದನ್ನೂ ಹೇಳಂತ ಹೇಳ್ರಿ.'

ಕೊಡ ಕೆಳಗಿಟ್ಟು ನಾನೂ ತೊಟ್ಟಿಯ ಈಚೆ ನೆಲದ ಮೇಲೆ ಕೂತೆ. ಆರು ಮೀನುಗಳೂ ಗಾಜಿಗೆ ಮುಖ ಹಚ್ಚಿ ನಿಂತಿದ್ದವು. ಈ ಬಡಪಾಯಿಗಳ ತಲೆಯ ಮೇಲೆ ಎಂಥ ಭಾರ ಹೊರಿಸುತ್ತಿದ್ದೇವೆ ಅನ್ನಿಸಿತು. 'ಅತ್ತಿಯವರಿಗೆ ಹೇಳ್ರಿ' ಎಂದು ಶುರು ಮಾಡಿದೆ. ಗುರುವಾರ ಲೇಲೆ ಕಾಕಾ ತಿಳಿಸಿದ ತಾಮ್ರದ್ದು ಹೇಳಿದೆ, ಹುಣಸೆಹಣ್ಣಿನದು ಹೇಳಿದೆ, ಬಸವನಹುಳುವಿನದು ಹೇಳಿದೆ. ಇದು ಅವರಿಗೆ ಹೇಗೆ ಗೊತ್ತಿರಬೇಕು, ನನಗೇ ಗೊತ್ತಿರಲಿಲ್ಲ, ನೀರು ಸುರಿದ ಕೈ ನನ್ನದು ಎಂದೆ. 'ಅವರು ಇದ್ದದ್ದಕ್ಕ ಈ ಮನಿ ಮನಿ ಆಗ್ಯದ. ಅವರು ಎದ್ದು ಹೋಗ್ತಾರ ಅಂತ ಅಂಜಿ ನಾ ಕಳ್ಳನಂಗ ನೀರು ಚೆಲ್ಲೀನಿ. ಹೋಗಬ್ಯಾಡ್ರಿ ಅಂತ ಹೇಳ್ರಿ' ಎಂದೆ. ಕೊನೆಕೊನೆಗೆ ಎರಡೂ ಕೈ ಜೋಡಿಸಿದೆ. ಐವತ್ತು ದಾಟಿದ ಗಂಡಸು ಗಪ್ಪಿ ಮೀನಿಗೆ ಕೈಮುಗಿದು ಕೂತಿರುವುದನ್ನು ಎದುರು ಬ್ಲಾಕಿನವರು ಯಾರಾದರೂ ನೋಡಿದ್ದರೆ ಏನು ತಿಳಿದರೋ ಗೊತ್ತಿಲ್ಲ.

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಊಟದ ಮೇಜಿನಿಂದ ಒಂದು ಕುರ್ಚಿ ದರದರ ಎಳೆದು ತಂದು, ನನ್ನ ಎದುರಿಗೇ ಹಾಕಿಕೊಂಡು ಕೂತರು. ನನ್ನ ಮುಖವನ್ನೇ ನೋಡಿದರು.

'ಅಲ್ರೀ, ನಿಮಗ ಬಾಯಿ ಇಲ್ಲೇನ್ರಿ?' ಎಂದರು.

ನಾನು ಹಿಂದೆ ತಿರುಗಿ ನೋಡಿದೆ, ಯಾರಿಗೆ ಹೇಳುತ್ತಿದ್ದಾರೆಂದು.

'ನಿಮಗ ಹೇಳ್ಲಿಕ್ಕತ್ತೀನಿ! ಒಂದು ಜೀವ ಹೋತು. ಗುರುವಾರ ತಿಳದದ್ದು ಗುರುವಾರ ಹೇಳಿದ್ರ ನಾ ಕೊಡ ತಿಕ್ಕತಿದ್ದೆನೇನು? ಚೇಳ ಹೆಗಲ ಮ್ಯಾಲ ಇದ್ದಾಗ ನಾ ಒಬ್ಬಾಕಿ ಹುಚ್ಚಿ ಗಂಡನ್ನ ಕೂಗಿದೆ. ಅವತ್ತೂ ನೇರ ಹೇಳಬೇಕಿತ್ತು. ಇಷ್ಟು ವರ್ಷ ಅದ ಚಿಂತಿ ನನಗ. ಈಗ ನೀವೂ ಹಂಗ ಮಾಡ್ತೀರಲ್ಲ!'

ಬೈಸಿಕೊಂಡು ಇಷ್ಟು ಹಗುರಾದದ್ದು ನನ್ನ ಜನ್ಮದಲ್ಲೇ ಮೊದಲು. 'ತಪ್ಪಾತ್ರಿ ಅತ್ತಿಯವರ' ಎಂದೆ. ಅದನ್ನು ಅವರಿಗೇ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, 'ಏಳ್ರಿ, ಬಕೀಟಿನ ನೀರು ಎಲ್ಲದ? ಬಟ್ಟಿ ಬಕೀಟ ಬ್ಯಾಡ, ಹೊಸಾದು ತರ್ರಿ' ಎಂದರು.

ಭಾನುವಾರ ಸುವರ್ಣಾ ಮನೆಗೆ ಬಂದಾಗ ಅತ್ತೆ ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ ಕೂತು ಹೊಸ ಬಕೆಟ್ಟಿನ ನೀರು ಲೋಟದಿಂದ ಅಳೆದು ತೊಟ್ಟಿಗೆ ಹಾಕುತ್ತಿದ್ದೆವು. ಅವಳು ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, 'ಅಳಿಯಂದ್ರ, ನೋಡ್ರಿ, ನೋಡ್ರಿ!' ಎಂದು ನನ್ನ ತೋಳು ಹಿಡಿದರು. ಕಲ್ಲಿನ ಮೇಲೆ ಬಿದ್ದಿದ್ದ ಬಸವನಹುಳು ಬಾಗಿಲು ತೆರೆದು, ಕೊಂಬು ಹೊರಗೆ ಚಾಚಿ, ನಿಧಾನಕ್ಕೆ ಗಾಜು ಏರುತ್ತಿತ್ತು. ಇನ್ನೊಂದು ಸಂಜೆಗೆ ಎದ್ದಿತು. ಆರೂ ಗಪ್ಪಿ ಉಳಿದವು. ಅಬ್ಬಾ, ಆ ರಾತ್ರಿ ನಾನು ಮಲಗಿದ ಹಾಗೆ ಎಷ್ಟೋ ವರ್ಷದಿಂದ ಮಲಗಿರಲಿಲ್ಲ. ಅತ್ತೆ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ನಾಲ್ಕು ತಿಂಗಳು ಮುಗಿದು ಈಗ ಆರನೆಯದು ನಡೆಯುತ್ತಿದೆ. ಕಾಲು ನೆಟ್ಟಗಾಗಿದೆ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ತಾಮ್ರದ ಕೊಡ ಅಡುಗೆಮನೆಗೆ ಮರಳಿದೆ. ನಾನು ಬಂದ ಕೂಡಲೇ ಅದರಿಂದ ಎರಡು ತಂಬಿಗೆ ನೀರು ಬಗ್ಗಿಸಿ, ಕುಡಿದು ಮುಗಿಸುವ ತನಕ ಎದುರಿಗೇ ನಿಂತಿರುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನಾನು ಮೊದಲೇ ಎಲ್ಲ ಒಪ್ಪಿಕೊಳ್ಳುವ ಮನಸ್ಸು ಮಾಡಿ ಕೂತವನು. ಹತ್ತೊಂಬತ್ತು ವರ್ಷ ನೇರವಾಗಿ ಆಡದ ಮಾತು ಎಲ್ಲಿ ಹೋಗಿರುತ್ತದೆ ಅಂದುಕೊಂಡಿದ್ದೀರಿ? ಅದೆಲ್ಲ ಅತ್ತೆಯ ಹೊಟ್ಟೆಯಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟು ಇತ್ತು. ಈಗ ದಿನಾ ನಾಲ್ಕರಿಂದ ಎಂಟರ ತನಕ ಒಂದೊಂದೇ ಹೊರಗೆ ಬರುತ್ತಿದೆ. ನಾನು ಒದ್ದೆ ಟವೆಲ್ ಹಾಸಿಗೆಯ ಮೇಲೆ ಹಾಕುವುದು, ಉಣ್ಣುವಾಗ ಮೊಬೈಲ್ ನೋಡುವುದು, ಮಗಳಿಗೆ ಫೋನ್ ಮಾಡಿ ಬರೀ 'ಊಟ ಆತಾ?' ಎಂದು ಕೇಳಿ ಇಟ್ಟುಬಿಡುವುದು, ಅವರ ಮಗಳಿಗೆ ಹೋದ ದೀಪಾವಳಿಗೆ ಸೀರೆ ತರದೆ ಮಿಕ್ಸರ್ ತಂದದ್ದು. ಒಂದೂ ಸುಳ್ಳಲ್ಲ, ಅದೇ ಕಷ್ಟ. ಮೊದಲಾದರೆ ಇವೆಲ್ಲ ಸುವರ್ಣಾಳ ಮೂಲಕ ಬರುತ್ತಿದ್ದವು. ಬರುವ ದಾರಿಯಲ್ಲಿ ಅವಳು ಅರ್ಧ ಸೋಸಿಬಿಡುತ್ತಿದ್ದಳು ಎಂಬುದು ನನಗೆ ಈಗ ತಿಳಿಯುತ್ತಿದೆ.

ನಿನ್ನೆ ಕೆಲಸದಿಂದ ಬಂದೆ. ಚಹಾ ಬಂತು. ಒಂದು ಗುಟುಕು ಕುಡಿದರೆ ಸಕ್ಕರೆಯೇ ಇಲ್ಲ. ಮರೆತಿರಬೇಕು ಅಂದುಕೊಂಡೆ. ನೇರವಾಗಿ ಹೇಳಲು ಧೈರ್ಯ ಬರಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ತೊಟ್ಟಿಯ ಹತ್ತಿರ ಸರಿದು, ಗಾಜಿಗೆ ಬಾಯಿ ಹಚ್ಚಿ, 'ಮರಿಗಳಾ, ಅತ್ತಿಯವರಿಗೆ ಹೇಳ್ರಿ, ಚಹಾಕ್ಕ ಸಕ್ಕರಿ...' ಎಂದೆ.

'ಅವಕೇನ್ ಹೇಳ್ತೀರಿ, ನನಗ ಹೇಳ್ರಿ' ಎಂದು ಒಳಗಿನಿಂದ ದನಿ ಬಂತು. 'ಮರ್ತಿಲ್ಲ, ಬೇಕಂತ ಹಾಕಿಲ್ಲ. ಹೊಟ್ಟಿ ನೋಡ್ಕೊಂಡೀರೇನು? ಹತ್ತೊಂಬತ್ತು ವರ್ಷದಿಂದ ಹೇಳಬೇಕಂತಿದ್ದೆ, ಬಾಯಿ ಬಂದಿದ್ದಿಲ್ಲ.'

ಮೀನುಗಳು ಬಾಲ ತಿರುಗಿಸಿ ಗಿಡದ ಹಿಂದೆ ಹೋದವು. ನಾನು ಸಪ್ಪೆ ಚಹಾ ಪೂರ್ತಿ ಕುಡಿದು, ಕಪ್-ಬಸಿಯನ್ನು ನಾನೇ ತೊಳೆದಿಟ್ಟೆ.